ಪಾರ್ಕ್ ಗೇಟಿನ ಲೈಟು ಯಾರದು, ಗೇಟಿನ ಹೊರಗೆ ಮಲಗೋರು ಯಾರ ಲೆಕ್ಕ?

ಮೂಲೆಮನೆ · ಶನಿವಾರ ರಾತ್ರಿ 9:40

ನಮಸ್ಕಾರ. ಇದು ಬೈಯೋದಕ್ಕೆ ಹಾಕಿದ ಪೋಸ್ಟ್ ಅಲ್ಲ. ನಿಜವಾಗಲೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಏರಿಯಾ ಹೆಸರು ಹಾಕಲ್ಲ. ಬೆಂಗಳೂರಿನ ಒಂದು ಹಳೇ ಬಡಾವಣೆ ಅಂದುಕೊಳ್ಳಿ.

ನಮ್ಮ ಮನೆ ಎದುರಿಗೇ ಒಂದು ಪುಟ್ಟ ಪಾರ್ಕ್ ಇದೆ. ಮೂರು ಸೈಟಿನಷ್ಟು ಜಾಗ. ನಾಲ್ಕು ಕಲ್ಲುಬೆಂಚು, ಒಂದು ಜಾರುಬಂಡೆ, ಒಂದು ಸಿಮೆಂಟ್ ಮಂಟಪ. ಗೇಟಿನ ಪಕ್ಕ ದೊಡ್ಡ ಹೊಂಗೆ ಮರ. ಅದರ ಬೇರು ಫುಟ್‌ಪಾತಿನ ಚಪ್ಪಡಿಯನ್ನು ಅರ್ಧ ಗೇಣು ಮೇಲೆತ್ತಿದೆ. ಹಗಲಲ್ಲಿ ಎಲ್ಲರೂ ನೋಡಿಕೊಂಡು ದಾಟುತ್ತಾರೆ. ದೀಪಾವಳಿಗೆ ಮುಂಚೆ ಗೇಟಿನ ಬೀದಿದೀಪ ಹೋಯಿತು. ಅಲ್ಲಿಂದ ರಾತ್ರಿ ಆ ಜಾಗ ಕಗ್ಗತ್ತಲು.

ಹೋದ ವಾರ ಬೆಳಿಗ್ಗೆ ಐದೂಕಾಲಿಗೆ ವಾಕಿಂಗ್ ಹೊರಟ ಅಮ್ಮ ಅಲ್ಲಿ ಎಡವಿ ಬಿದ್ದರು. ಬಲಗೈ ಮಣಿಕಟ್ಟಿನಲ್ಲಿ ಬಿರುಕು, ಆರು ವಾರ ಪ್ಲಾಸ್ಟರ್. ಗೇಟಿನ ಹೊರಗೆ ಒಬ್ಬರು ಕಂಬಳಿ ಹೊದ್ದು ಮಲಗುತ್ತಾರೆ, ಅವರನ್ನು ತುಳಿಯಬಾರದು ಅಂತ ಅಮ್ಮ ಪಕ್ಕಕ್ಕೆ ಸರಿದರಂತೆ. ಸರಿದ ಕಡೆ ಚಪ್ಪಡಿ ಇತ್ತು. ಈಗ ಮನೆಯಲ್ಲಿ ದಿನಾ ಪಂಚಾಯಿತಿ. ತಮ್ಮ ಆ ಮನುಷ್ಯನದೇ ತಪ್ಪು ಅಂತಾನೆ. ನಾನು ಚಪ್ಪಡಿ ಅಂತೀನಿ. ಅಮ್ಮ ಮಾತ್ರ ತನ್ನ ಹಳೇ ಚಪ್ಪಲಿಯನ್ನು ಬೈಯುತ್ತಾರೆ.

ಒಂದು ವಾರದಿಂದ ಫೋನು, ಓಡಾಟ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿನವರು: ಗೇಟಿನ ಒಳಗಾದರೆ ನಮ್ಮದು, ಹೊರಗೆ ನಮ್ಮದಲ್ಲ. ಕರೆಂಟಿನವರು: ಸಪ್ಲೈ ನಮ್ಮದು, ಬೀದಿದೀಪ ಪಾಲಿಕೆದು. ರಸ್ತೆಯವರು: ಚಪ್ಪಡಿ ಹಾಕಿಕೊಡ್ತೀವಿ, ಬೇರು ಮುಟ್ಟೋ ಹಾಗಿಲ್ಲ, ಮರದವರು ಬರಬೇಕು. ಮರದವರು: ಅರ್ಜಿ ಕೊಡಿ. ಠಾಣೆಯಲ್ಲಿ: ಮಲಗಿರೋದು ಅಪರಾಧ ಅಲ್ಲವಲ್ಲ ಸರ್, ಬೇಕಾದರೆ ರಾತ್ರಿ ಬೀಟ್‌ನವರಿಗೆ ಹೇಳ್ತೀವಿ.

ಇವರೆಲ್ಲರನ್ನೂ ಒಂದು ಟೇಬಲ್‌ಗೆ ಕೂರಿಸೋದು ಯಾರ ಕೆಲಸ? ಪಾರ್ಕು, ಬಡವರ ಕೆಲಸ, ಜನರ ಸುರಕ್ಷತೆ, ಮೂರನ್ನೂ ನೋಡುವ ಕಮಿಟಿ ಅಂತ ಏನಾದರೂ ನಮ್ಮ ಊರಲ್ಲಿ ಇದೆಯಾ? ಇತ್ತಾ?

ಐದೂವರೆ ವಾಕಿಂಗ್ · ಶನಿವಾರ ರಾತ್ರಿ 10:05

ಅಮ್ಮ ಬೇಗ ಹುಷಾರಾಗಲಿ ಸರ್. ನನ್ನ ಮಾತು ಕಟುವಾಗಿ ಕಾಣಬಹುದು. 112ಕ್ಕೆ ಫೋನ್ ಮಾಡಿ, ಆ ಮನುಷ್ಯನನ್ನು ಎಬ್ಬಿಸಿ ಕಳಿಸಿ. ಉಳಿದದ್ದು ಆಮೇಲೆ ನೋಡಿಕೊಂಡರಾಯಿತು. ಪಾರ್ಕ್ ಸುತ್ತಮುತ್ತ ಒಬ್ಬರು ಮಲಗೋಕೆ ಶುರು ಮಾಡಿದರೆ ತಿಂಗಳಲ್ಲಿ ನಾಲ್ಕು ಜನ ಆಗುತ್ತಾರೆ. ಆಮೇಲೆ ಬಾಟಲಿ ಶುರು. ನಮ್ಮ ಕಡೆ ಆಗಿದೆ.

2024ರಲ್ಲಿ ಪಾರ್ಕ್ ಸಮಯ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಅಂತ ಮಾಡಿದರು. ಮೊದಲು ಮಧ್ಯಾಹ್ನ ಮುಚ್ಚುತ್ತಿದ್ದರು. ಸಮಯ ಹೆಚ್ಚಿಸಿದ್ದು ಒಳ್ಳೆಯದೇ. ಆದರೆ ರಾತ್ರಿ ಹತ್ತಕ್ಕೆ ಹೆಣ್ಣುಮಕ್ಕಳು ಪಾರ್ಕಿಂದ ಆಚೆ ಬರಬೇಕಾದರೆ ಗೇಟಲ್ಲಿ ಬೆಳಕು ಬೇಕು ಅಂತ ಯಾರಿಗೂ ಹೊಳೆಯಲಿಲ್ಲವಾ?

ತರ್ಲೆ ತಮ್ಮಯ್ಯ · ಶನಿವಾರ ರಾತ್ರಿ 10:11

ಕಮಿಟಿ ಇತ್ತು ಗುರು. ಕಮಿಟಿಗಳಿಗೇನು ಬರ. ಬೋಂಡಾ, ಬಾದಾಮಿ ಹಾಲು, ನಡಾವಳಿ, ಮುಂದಿನ ಸಭೆ.

ಕಂಬ ನಂಬರ್ · ಶನಿವಾರ ರಾತ್ರಿ 10:38

ನಾನು ಬೀದಿದೀಪ ಮೇಂಟೆನೆನ್ಸ್ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದೀನಿ. ಕಂಟ್ರಾಕ್ಟರ್ ಕಡೆ ಹುಡುಗ, ಆಫೀಸರ್ ಅಲ್ಲ. ಮೊದಲು ಲೈಟಿನ ಕೆಲಸ ಮುಗಿಸೋಣ, ಅದು ಸುಲಭ.

ಕರೆಂಟಿನವರು ಹೇಳಿದ್ದು ಸರಿ ಇದೆ. ಬೆಂಗಳೂರಲ್ಲಿ ಬೆಸ್ಕಾಂ ವಿದ್ಯುತ್ ಕೊಡುತ್ತೆ, ದೀಪ ನೋಡಿಕೊಳ್ಳೋದು ಪಾಲಿಕೆಯ ಎಲೆಕ್ಟ್ರಿಕಲ್ ವಿಭಾಗ. 1912 ಬೆಸ್ಕಾಂದು, ಅಲ್ಲಿ ಬೀದಿದೀಪದ ಬಗ್ಗೆ ಎಷ್ಟು ಸಲ ಹೇಳಿದರೂ ಪ್ರಯೋಜನ ಇಲ್ಲ. 1533ಕ್ಕೆ ಮಾಡಿ. ಮಾಡುವಾಗ "ಪಾರ್ಕ್ ಹತ್ತಿರದ ಲೈಟು" ಅನ್ನಬೇಡಿ. ಕಂಬದ ಮೇಲೆ ಬಣ್ಣದಲ್ಲಿ ನಂಬರ್ ಬರೆದಿರುತ್ತೆ, ಅದನ್ನು ಹೇಳಿ. ನಂಬರ್ ಅಳಿಸಿದ್ದರೆ ಅಕ್ಕಪಕ್ಕದ ಎರಡು ಕಂಬದ ನಂಬರ್ ಹೇಳಿ. ನಂಬರ್ ಇಲ್ಲದ ದೂರು ನಮ್ಮ ಕೈಗೆ ಬಂದರೆ ನಾವು ರಾತ್ರಿ ಗಾಡಿ ತಗೊಂಡು ಬೀದಿ ಬೀದಿ ಹುಡುಕಬೇಕು. ಹುಡುಕಲ್ಲ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು. ಒಂದೇ ದೀಪ ಹೋಗಿದ್ದರೆ ಫಿಟ್ಟಿಂಗ್ ಅಥವಾ ಅದರ ವೈರು. ಸಾಲಾಗಿ ಹೋಗಿದ್ದರೆ ಟೈಮರ್ ಬಾಕ್ಸ್. ಹೊಂಗೆ ಮರ ಅಂತ ಬರೆದಿದ್ದೀರಿ. ಹಗಲಲ್ಲಿ ಒಂದು ಸಲ ಮೇಲೆ ನೋಡಿ. ಎಷ್ಟೋ ಕಡೆ ದೀಪ ಉರೀತಾನೇ ಇರುತ್ತೆ, ಕೊಂಬೆ ಮುಚ್ಚಿರುತ್ತೆ. ಆಗ ಅದು ನಮ್ಮ ಕೆಲಸ ಅಲ್ಲ, ಮರದವರದು.

ಮೂಲೆಮನೆ · ಶನಿವಾರ ರಾತ್ರಿ 10:52

ಥ್ಯಾಂಕ್ಸ್ ಬ್ರದರ್. ಈಗಲೇ ಟಾರ್ಚ್ ಹಿಡಿದು ಹೋಗಿ ಬಂದೆ. ನಂಬರಿನ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದರು. ಅರ್ಧ ಹರಿದೆ, ಕಾಣಿಸಿತು. ದೀಪ ನಿಜವಾಗಲೂ ಹೋಗಿದೆ, ಕೊಂಬೆ ಅಲ್ಲ. ಗೇಟ್ ಹತ್ತಿರ ಆ ಮನುಷ್ಯ ಮಲಗಿದ್ದರು. ಟಾರ್ಚ್ ಬೆಳಕಿಗೆ ಎದ್ದು ಕೂತರು. ನಾನು ಕಂಬ ನೋಡುತ್ತಾ ಇದೀನಿ ಅಂತ ಗೊತ್ತಾದ ಮೇಲೆ ಮತ್ತೆ ಮಲಗಿದರು. ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ.

ಹಳೇ ಗುಮಾಸ್ತ · ಭಾನುವಾರ ಬೆಳಿಗ್ಗೆ 7:15

ತಮ್ಮಯ್ಯನವರ ಬೋಂಡಾ ಮಾತು ಸುಳ್ಳಲ್ಲ. ಆದರೂ ಪೂರ್ತಿ ಅಷ್ಟೇ ಅಲ್ಲ. ನಾನು ಬೇರೆ ಊರಿನ ಒಂದು ಮಹಾನಗರ ಪಾಲಿಕೆಯ ಕೌನ್ಸಿಲ್ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಕೇಳಿದ್ದೀರಿ, ಹೇಳುತ್ತೇನೆ.

ಕರ್ನಾಟಕದಲ್ಲಿ ಪಾಲಿಕೆಗಳಿಗೆ 1976ರ ಕಾಯ್ದೆ. ಅದರ ಪ್ರಕಾರ ಸ್ಥಾಯಿ ಸಮಿತಿಗಳು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಇಂಥ ಕಡೆ ನಾಲ್ಕು. ತೆರಿಗೆ ಮತ್ತು ಹಣಕಾಸು ಒಂದು, ನಗರ ಯೋಜನೆ ಒಂದು, ಲೆಕ್ಕಪತ್ರ ಒಂದು. ನಾಲ್ಕನೆಯದು ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ. ನೀವು ಕೇಳಿದ್ದಕ್ಕೆ ತೀರಾ ಹತ್ತಿರದ್ದು ಇದೇ. ಬೆಂಗಳೂರಲ್ಲಿ ಊರು ದೊಡ್ಡದು ಅಂತ ಹನ್ನೆರಡು ಸಮಿತಿ ಮಾಡಿದ್ದರು. ತೋಟಗಾರಿಕೆಗೆ ಬೇರೆ, ಸಾಮಾಜಿಕ ನ್ಯಾಯಕ್ಕೆ ಬೇರೆ, ವಾರ್ಡ್ ಮಟ್ಟದ ಕಾಮಗಾರಿಗೆ ಬೇರೆ, ಆರೋಗ್ಯಕ್ಕೆ ಬೇರೆ. ನಿಮ್ಮ ಗೇಟಿನ ಮುಂದೆ ನಿಂತರೆ ಕನಿಷ್ಠ ಮೂರು ಸಮಿತಿ ಆಯಿತು, ನೋಡಿ. ಸುರಕ್ಷತೆ ಅನ್ನೋ ಹೆಸರಿನದು ಆ ಹನ್ನೆರಡರಲ್ಲಿ ಒಂದೂ ಇರಲಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಆಫೀಸಿನಿಂದ ಟಿಪ್ಪಣಿ ಬರುತ್ತೆ. ನಾವು ವಿಷಯ ಸಂಖ್ಯೆ ಕೊಟ್ಟು ಕಾರ್ಯಸೂಚಿಗೆ ಸೇರಿಸುತ್ತೇವೆ. ಸಮಿತಿ ನಿರ್ಣಯ ಮಾಡುತ್ತೆ, ದೊಡ್ಡದಾದರೆ ಕೌನ್ಸಿಲ್ ಮುಂದೆ ಹೋಗುತ್ತೆ. ಸಮಿತಿಯ ಅವಧಿ ಒಂದೇ ವರ್ಷ. ಮೊದಲ ಮೂರು ತಿಂಗಳು ಅಧ್ಯಕ್ಷರಿಗೆ ಸನ್ಮಾನ. ಕೊನೆಯ ಮೂರು ತಿಂಗಳು ಮುಂದಿನ ಅಧ್ಯಕ್ಷರು ಯಾರು ಅನ್ನೋ ಲೆಕ್ಕಾಚಾರ. ನಡುವಿನ ಆರು ತಿಂಗಳಲ್ಲಿ ಏನಾದರೂ ಆದರೆ ಆಯಿತು.

ಆದರೂ ಒಂದು ಮಾತು. ಬಾಗಿಲಲ್ಲಿ ನಿಂತ ಹೆಣ್ಣುಮಗಳೊಬ್ಬಳು ಸದಸ್ಯೆಯ ಸೆರಗು ಹಿಡಿದು "ಅಕ್ಕಾ, ನಮ್ಮ ಬೀದಿ ಲೈಟು" ಅಂದರೆ ಆ ಸದಸ್ಯೆ ಸಭೆಯಲ್ಲಿ ಇಂಜಿನಿಯರನ್ನು ಎದ್ದು ನಿಲ್ಲಿಸಿ ಕೇಳುತ್ತಿದ್ದರು. ಅವತ್ತು ಸಂಜೆ ಲೈಟು ಬರುತ್ತಿತ್ತು. ನಡಾವಳಿಯಲ್ಲಿ ಅದು ಇರುತ್ತಿರಲಿಲ್ಲ.

ಸಾಮಾಜಿಕ ನ್ಯಾಯ ಅಂದರೆ ಬರೀ ಹೆಸರಲ್ಲ. ಬಜೆಟ್ಟಿನಲ್ಲಿ ಶೇ 24.10, ಶೇ 7.25, ಶೇ 5 ಅಂತ ಮೂರು ತಲೆಬರಹ ಇರುತ್ತವೆ. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಂಗವಿಕಲರಿಗೆ. ಹೊಲಿಗೆ ಯಂತ್ರ, ಮೂರು ಚಕ್ರದ ಗಾಡಿ, ವಿದ್ಯಾರ್ಥಿವೇತನ ಇವೆಲ್ಲ ಅದರಲ್ಲೇ. ಆಫೀಸಲ್ಲಿ ನಾವು ಬರೀ "ಇಪ್ಪತ್ನಾಲ್ಕು ಹತ್ತು ಫೈಲ್" ಅಂತಲೇ ಕರೆಯುತ್ತಿದ್ದೆವು. ಆದರೆ ಬೀದಿಯಲ್ಲಿ ಮಲಗುವವನಿಗೆ ಜಾತಿ ಸರ್ಟಿಫಿಕೇಟೂ ಇಲ್ಲ, ವಿಳಾಸವೂ ಇಲ್ಲ. ಅವನು ಯಾವ ತಲೆಬರಹಕ್ಕೂ ಸೇರುತ್ತಿರಲಿಲ್ಲ.

ತರ್ಲೆ ತಮ್ಮಯ್ಯ · ಭಾನುವಾರ ಬೆಳಿಗ್ಗೆ 7:31

ಸರ್, ಸನ್ಮಾನದ ಶಾಲು ಈಗಲೂ ಮನೇಲಿ ಇದೆಯಾ?

ಹಳೇ ಗುಮಾಸ್ತ · ಭಾನುವಾರ ಬೆಳಿಗ್ಗೆ 7:44

ಶಾಲು ಅಧ್ಯಕ್ಷರಿಗೆ. ನಮಗೆ ಹಾರದ ಹೂವು ಗುಡಿಸೋ ಕೆಲಸ.

ಕಪ್ಪುಕೋಟು ಕನಸು · ಭಾನುವಾರ ಬೆಳಿಗ್ಗೆ 9:20

ಲಾ ಓದ್ತಾ ಇದೀನಿ, ಅಂತಿಮ ವರ್ಷ. ತಪ್ಪಿದ್ದರೆ ದೊಡ್ಡವರು ತಿದ್ದಿ.

ಸುರಕ್ಷತೆ ಸಮಿತಿ ಯಾಕಿಲ್ಲ ಅನ್ನೋದಕ್ಕೆ ಬೇರು ಸಂವಿಧಾನದಲ್ಲೇ ಇದೆ. 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜೊತೆ 12ನೇ ಅನುಸೂಚಿ, ಅದರಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯ. ಪಾರ್ಕು, ತೋಟ, ಆಟದ ಮೈದಾನ ಇದೆ. ದುರ್ಬಲ ವರ್ಗದವರ ಹಿತ ಕಾಯೋದು ಇದೆ. ಬೀದಿದೀಪ ಇದೆ. ಅಗ್ನಿಶಾಮಕ ಸೇವೆ ಕೂಡ ಇದೆ, ಆದರೆ ನಮ್ಮಲ್ಲಿ ಅದು ರಾಜ್ಯದ ಇಲಾಖೆ. ಪೊಲೀಸ್ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ಅದು 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿದೆ. ಹಾಗಾಗಿ ಬೆಂಗಳೂರಿನ ಮೇಯರ್ ಎಷ್ಟೇ ದೊಡ್ಡ ಸರ ಹಾಕಿಕೊಂಡರೂ ಒಬ್ಬ ಕಾನ್‌ಸ್ಟೆಬಲ್‌ಗೆ ಆ ಗೇಟ್ ಹತ್ತಿರ ನಿಲ್ಲಪ್ಪ ಅಂತ ಹೇಳೋ ಅಧಿಕಾರ ಇಲ್ಲ.

ಮೇಯರ್ ಅಂದೆ, ಮೇಯರಾದರೂ ಎಲ್ಲಿದ್ದಾರೆ? ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಚುನಾವಣೆ 2015ರದು. ವಾರ್ಡು 198 ಇತ್ತು, 243 ಅಂದರು, 225 ಅಂದರು. ಚುನಾವಣೆ ಬರಲೇ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆದವು, ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಈಗ 369 ವಾರ್ಡ್. ಗಡಿ ಬರೆದಾಗಿದೆ, ಸದಸ್ಯರ ಕುರ್ಚಿ ಖಾಲಿ. ಮೂಲೆಮನೆ ಅಣ್ಣ, ನೀವು ಕೇಳಿದ ಟೇಬಲ್ ಐದು ವರ್ಷದಿಂದ ಗೋಡೌನ್‌ನಲ್ಲಿ ಇದೆ.

ಐದೂವರೆ ವಾಕಿಂಗ್ · ಭಾನುವಾರ ಬೆಳಿಗ್ಗೆ 9:48

ಕಾರ್ಪೊರೇಟರ್ ಇಲ್ಲದೆ ನಮ್ಮ ಪಾರ್ಕ್ ಚೆನ್ನಾಗೇ ಇದೆ ಅಂತ ಹೇಳೋರೂ ಇದ್ದಾರೆ. ನಾನೂ ಅದೇ ಅನ್ನುತ್ತಿದ್ದೆ. ಮಾಲಿ ಬರುತ್ತಾನೆ, ಹುಲ್ಲು ಕತ್ತರಿಸುತ್ತಾನೆ, ಫ್ಲೆಕ್ಸ್ ಕಾಟ ಇಲ್ಲ.

ಕಪ್ಪುಕೋಟು ಕನಸು · ಭಾನುವಾರ ಬೆಳಿಗ್ಗೆ 10:02

ಪಾರ್ಕ್ ಇರೋದಕ್ಕೇ ಜನ ಕೋರ್ಟಿಗೆ ಹೋಗಬೇಕಾಗಿತ್ತು ಅಂಕಲ್. ಸದಾಶಿವನಗರದ ಕಡೆ, ಆಗಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಪಾರ್ಕ್ ಅಂತ ಬಿಟ್ಟಿದ್ದ ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಟ್ಟುಬಿಟ್ಟಿದ್ದರು. ಅಕ್ಕಪಕ್ಕದ ನಿವಾಸಿಗಳು ಹೈಕೋರ್ಟಿಗೆ ಹೋದರು. ನಿಮಗೇನು ನಷ್ಟ, ನೀವ್ಯಾರು ಕೇಳೋಕೆ ಅನ್ನೋ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಕಡೆಯೇ ನಿಂತಿತು. ಪಾರ್ಕಿಗೆ ಬಿಟ್ಟ ಜಾಗ ಪಾರ್ಕಿಗೇ, ಕೇಳೋ ಹಕ್ಕು ಅಲ್ಲಿ ವಾಸ ಮಾಡೋರಿಗೆ ಇದೆ ಅಂತ. ಮುದ್ದಪ್ಪ ಕೇಸ್ ಅಂತ ನಮಗೆ ಪಾಠ ಇದೆ. ದೇಶದಲ್ಲಿ ಎಲ್ಲೇ ಪಾರ್ಕ್ ಜಗಳ ಆದರೂ ಬೆಂಗಳೂರಿನ ಈ ಕೇಸನ್ನೇ ತೆಗೆಯುತ್ತಾರೆ. ಗೇಟಿನ ಲೈಟಿಗೆ ಸುಪ್ರೀಂ ಕೋರ್ಟಿಗೆ ಹೋಗೋಕಾಗಲ್ಲ, ಅದಕ್ಕೇ ಕಾರ್ಪೊರೇಟರ್ ಬೇಕು.

ಬೆಲ್ಲೆವ್ಯೂ ಮಳೆ · ಭಾನುವಾರ ಬೆಳಿಗ್ಗೆ 10:30

ನಮ್ಮಲ್ಲಿ ಈಗ ಶನಿವಾರ ರಾತ್ರಿ. ನಾನು ತಿಪಟೂರು ಕಡೆಯವನು, ಹದಿನಾಲ್ಕು ವರ್ಷದಿಂದ ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಬೆಲ್ಲೆವ್ಯೂನಲ್ಲಿ ಇದೀನಿ. ಮೂಲೆಮನೆಯವರು ಕೇಳಿದ ಟೇಬಲ್ ಇಲ್ಲಿ ಇದೆ. ಇದ್ದ ಮೇಲೆ ಏನಾಗುತ್ತೆ ಅಂತ ಹೇಳಲಾ?

ನಮ್ಮದು ಏಳು ಜನರ ಕೌನ್ಸಿಲ್. ಇಲ್ಲಿ ಪಾರ್ಕು ಮತ್ತು ಬಡವರ ನೆರವು ಎರಡೂ ಒಂದೇ ಇಲಾಖೆಯಲ್ಲಿ ಇವೆ. ಪೊಲೀಸ್, ಅಗ್ನಿಶಾಮಕ ಎರಡೂ ಸಿಟಿಯದೇ. ಸೇತುವೆ ದಾಟಿದರೆ ಸಿಯಾಟಲ್, ಅಲ್ಲಿ ಒಂಬತ್ತು ಜನ ಸದಸ್ಯರು. ಸುರಕ್ಷತೆಗೆ, ಬಡವರ ನೆರವಿಗೆ, ಪಾರ್ಕಿಗೆ ಅಂತ ಸಮಿತಿಗಳು. ಯಾವುದನ್ನು ಯಾವುದರ ಜೊತೆ ಸೇರಿಸೋದು ಅನ್ನೋದನ್ನು ಹೊಸ ಕೌನ್ಸಿಲ್ ಬಂದಾಗ ಬದಲಾಯಿಸುತ್ತಾರೆ. ಒಂದು ಅವಧಿಯಲ್ಲಿ ಸುರಕ್ಷತೆ ಮತ್ತು ಬಡವರ ನೆರವು ಒಂದೇ ಸಮಿತಿಯಲ್ಲಿ ಇತ್ತು. ಪೊಲೀಸ್ ಮುಖ್ಯಸ್ಥರೇ ಬಂದು ಎದುರಿಗೆ ಕೂತು ಉತ್ತರ ಕೊಡುತ್ತಾರೆ. ಯಾಕೆ ಅಂದರೆ ಅವರ ಬಜೆಟ್ ಇವರ ಕೈಯಲ್ಲಿದೆ.

ಜನ ಹೋಗಿ ಮಾತಾಡಬಹುದು. ಒಬ್ಬರಿಗೆ ಕೆಲವೇ ನಿಮಿಷ. ಟೈಮರ್ ಇರುತ್ತೆ, ಬೀಪ್ ಅಂದರೆ ಮುಗೀತು. ನಾನು ಒಂದು ಸಲ ಮಗಳ ಶಾಲೆ ಪಕ್ಕದ ಆಟದ ಮೈದಾನದ ದೀಪದ ವಿಷಯಕ್ಕೇ ಹೋಗಿದ್ದೆ. ನಮಸ್ಕಾರ, ಪರಿಚಯ, ಪೀಠಿಕೆ ಅಂತ ನಮ್ಮ ಊರಿನ ಅಭ್ಯಾಸದಲ್ಲಿ ಶುರು ಮಾಡಿದೆ. ದೀಪದ ವಿಷಯಕ್ಕೆ ಬರೋ ಹೊತ್ತಿಗೆ ಬೀಪ್.

ಆದರೆ ಟೇಬಲ್ ಇದ್ದರೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳಬೇಡಿ. 2020ರಲ್ಲಿ ಜನ ಡೇರೆ ಹಾಕಿಕೊಂಡಿದ್ದ, ಸಿಯಾಟಲ್ ನಡುವಿನ ಕ್ಯಾಲ್ ಆಂಡರ್ಸನ್ ಪಾರ್ಕನ್ನು ಜುಲೈನಲ್ಲಿ ಒಂದು ಸಲ ಪೊಲೀಸರು ಖಾಲಿ ಮಾಡಿಸಿದರು. ಆಮೇಲೆ ಮತ್ತೆ ಡೇರೆ ಬಂದವು, ಡಿಸೆಂಬರ್‌ನಲ್ಲಿ ಮತ್ತೆ ಖಾಲಿ. ಪಾರ್ಕಿನವರು, ನೆರವಿನವರು, ಪೊಲೀಸರು ಮೂರೂ ಜನ ಸಿಟಿಯವರೇ. ಆದರೂ ಮಲಗೋಕೆ ಬೇರೆ ಜಾಗ ಸಾಕಷ್ಟು ಇಲ್ಲದಿದ್ದರೆ ಡೇರೆ ಇನ್ನೊಂದು ಪಾರ್ಕಿಗೆ ಹೋಗುತ್ತೆ, ಅಷ್ಟೇ.

ಇದು ಕೋರ್ಟಿಗೂ ಹೋಯಿತು. ಹಾಸಿಗೆ ಕೊಡೋಕಾಗದ ಊರು ಬಯಲಲ್ಲಿ ಮಲಗಿದವನಿಗೆ ಶಿಕ್ಷೆ ಕೊಡಬಾರದು ಅಂತ ಈ ಕಡೆಯ ಮೇಲ್ಮನವಿ ಕೋರ್ಟ್ 2018ರಲ್ಲಿ ಹೇಳಿತ್ತು. ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನೋ ಸಣ್ಣ ಊರಿನ ಕೇಸಿನಲ್ಲಿ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ತಿರುಗಿಸಿತು. ಊರಿನವರು ದಂಡ ಹಾಕಬಹುದು ಅಂತ. ಆ ಜಗಳ ಹುಟ್ಟಿದ್ದೇ ಪಾರ್ಕುಗಳಲ್ಲಿ.

ಒಂದು ಒಳ್ಳೆಯದನ್ನು ಹೇಳಿ ಮುಗಿಸುತ್ತೇನೆ. ಪಾರ್ಕ್ ಜಾಗ ತೆಗೆದುಕೊಂಡರೆ ಅಷ್ಟೇ ಬೆಲೆಯ, ಅಷ್ಟೇ ದೊಡ್ಡ ಜಾಗವನ್ನು ಅದೇ ಸುತ್ತಮುತ್ತ ಪಾರ್ಕಿಗೆ ವಾಪಸ್ ಕೊಡಬೇಕು ಅಂತ ಸಿಯಾಟಲ್‌ನಲ್ಲಿ ಕಾನೂನಿದೆ. 1997ರಿಂದ. ಅದು ಜನರೇ ಸಹಿ ಹಾಕಿ ತಂದ ಪ್ರಸ್ತಾವ.

ಐದೂವರೆ ವಾಕಿಂಗ್ · ಭಾನುವಾರ ಬೆಳಿಗ್ಗೆ 10:41

ನೋಡಿ, ಅಮೆರಿಕದ ಸುಪ್ರೀಂ ಕೋರ್ಟೇ ಎಬ್ಬಿಸಬಹುದು ಅಂದಿದೆ.

ಸುಮಕ್ಕ · ಭಾನುವಾರ ಬೆಳಿಗ್ಗೆ 11:10

ವಾಕಿಂಗ್ ಅಣ್ಣಾ, ಅಮೆರಿಕದ ಕೋರ್ಟು ಅಲ್ಲಿರಲಿ. ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು ಬೇರೆ. ಒಂದು ಲಕ್ಷ ಜನಸಂಖ್ಯೆಗೆ ಒಂದು ವಸತಿ ಕೇಂದ್ರ ಇರಬೇಕು, ವರ್ಷಪೂರ್ತಿ, ಇಪ್ಪತ್ನಾಲ್ಕು ಗಂಟೆ ತೆರೆದಿರಬೇಕು ಅಂತ 2010ರಲ್ಲೇ ಆದೇಶ ಆಗಿದೆ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಗೆ 84 ಲಕ್ಷ ಜನ. ಅಂದರೆ 84 ಕೇಂದ್ರ ಬೇಕಿತ್ತು. ಆ ಲೆಕ್ಕವನ್ನು ನಮ್ಮ ಊರು ಇವತ್ತಿನವರೆಗೂ ಮುಟ್ಟಿಲ್ಲ. ಊರು ಮಾತ್ರ ಆಮೇಲೆ ಎಷ್ಟು ಬೆಳೀತು!

ನಾನು ವಾರಕ್ಕೆ ಎರಡು ರಾತ್ರಿ ಇಂಥ ಕೆಲಸಕ್ಕೆ ಹೋಗುತ್ತೇನೆ. ಸ್ವಯಂಸೇವಕಿ, ಸಂಬಳದವಳಲ್ಲ. ಫುಟ್‌ಪಾತಿನಲ್ಲಿ ಮಲಗಿದವರಲ್ಲಿ ಜಾಸ್ತಿ ಜನ ಕೆಲಸ ಮಾಡೋರು. ಮೂಟೆ ಹೊರೋರು, ಮದುವೆ ಮನೆಯಲ್ಲಿ ಬಡಿಸೋರು, ಪೇಂಟಿಂಗ್ ಮಾಡೋರು. ಭಿಕ್ಷುಕರು ಅಂತ ಜನ ಅಂದುಕೊಂಡಿರುತ್ತಾರೆ.

ಭಿಕ್ಷುಕರು ಅಂದೆ, ಒಂದು ವಿಷಯ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಸೆಸ್ ಇರುತ್ತೆ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಸೆಸ್ ಶೇ 3. ವಾಕಿಂಗ್ ಅಣ್ಣ, ನೀವು ಪ್ರತಿ ವರ್ಷ ಕಟ್ಟುತ್ತಿದ್ದೀರಿ. ಅದು ಪಾಲಿಕೆ ಇಟ್ಟುಕೊಳ್ಳೋ ದುಡ್ಡಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಕೇಂದ್ರ ಪರಿಹಾರ ಸಮಿತಿ ಅಂತ ಇದೆ, ಅದಕ್ಕೆ ಹೋಗಬೇಕು. ಅದು ಸಮಾಜ ಕಲ್ಯಾಣ ಇಲಾಖೆಯ ಕಡೆ. ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ನಡೆಸೋದು ಅವರೇ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲುಸಾಲು ಸಾವಾಗಿ ಎಲ್ಲ ಪೇಪರಲ್ಲೂ ಬಂದಿತ್ತು, ನೆನಪಿರಬಹುದು. ಆಮೇಲಿನಿಂದ "ಕೇಂದ್ರಕ್ಕೆ ಬನ್ನಿ" ಅಂದರೆ ಬೀದಿಯವರು ಹೆದರುತ್ತಾರೆ. ಹಿಡಿದುಕೊಂಡು ಹೋಗೋ ಗಾಡಿ ಬೇರೆ, ರಾತ್ರಿ ಮಲಗೋ ವಸತಿ ಕೇಂದ್ರ ಬೇರೆ ಅಂತ ಒಬ್ಬೊಬ್ಬರಿಗೂ ಕೂತು ಹೇಳಬೇಕು.

ಮೂಲೆಮನೆ ಸರ್, ಒಂದು ಕೇಳಲಾ? ಎಲ್ಲ ಆಫೀಸಿಗೂ ಹೋದಿರಿ. ಗೇಟಲ್ಲಿ ಮಲಗುವವರನ್ನು ಯಾಕೆ ಅಲ್ಲೇ ಮಲಗ್ತೀರಿ ಅಂತ ಕೇಳಿದಿರಾ?

ಮೂಲೆಮನೆ · ಭಾನುವಾರ ಬೆಳಿಗ್ಗೆ 11:26

ಇಲ್ಲ. ಅಮ್ಮನೂ ನಿನ್ನೆ ಇದನ್ನೇ ಕೇಳಿದರು.

ಕಂಬ ನಂಬರ್ · ಭಾನುವಾರ ಮಧ್ಯಾಹ್ನ 12:15

ಸುಮಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ರಾತ್ರಿ ಏಣಿ ಹಾಕಿದಾಗ ನಮಗೆ ಏಣಿ ಹಿಡಿದುಕೊಳ್ಳೋರು, ನಾಯಿ ಓಡಿಸೋರು ಇವರೇ. ಯಾವ ದೀಪ ಎಷ್ಟು ದಿನದಿಂದ ಹೋಗಿದೆ ಅಂತ ಮನೆಯವರಿಗಿಂತ ಅವರಿಗೆ ಸರಿಯಾಗಿ ಗೊತ್ತಿರುತ್ತೆ.

ಐದೂವರೆ ವಾಕಿಂಗ್ · ಭಾನುವಾರ ಮಧ್ಯಾಹ್ನ 12:40

ಸರಿ, ನನ್ನನ್ನು ಕೆಟ್ಟವನನ್ನಾಗಿ ಮಾಡಬೇಡಿ. ನನ್ನ ಹೆಂಡತಿ ಸಂಜೆ ಏಳರ ಮೇಲೆ ಪಾರ್ಕಿಗೆ ಹೋಗೋದನ್ನೇ ಬಿಟ್ಟಿದ್ದಾಳೆ. ಅವಳ ಹೆದರಿಕೆ ಸುಳ್ಳಾ? ಬಾಟಲಿ ಇಟ್ಟುಕೊಂಡು ಕೂರೋರು ಮೂಟೆ ಹೊರೋರಲ್ಲ, ಬೈಕಲ್ಲಿ ಬರೋ ಹುಡುಗರು, ಅದು ನನಗೂ ಗೊತ್ತು. ಆದರೆ ಕತ್ತಲಲ್ಲಿ ಯಾರು ಯಾರು ಅಂತ ಹೇಗೆ ಗೊತ್ತಾಗಬೇಕು? ಭಿಕ್ಷುಕರ ಸೆಸ್ ನೋಡಿದೆ. ರಸೀದಿಯಲ್ಲಿ ಇದೆ. ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.

ಸುಮಕ್ಕ · ಭಾನುವಾರ ಮಧ್ಯಾಹ್ನ 12:52

ಅಕ್ಕನ ಹೆದರಿಕೆ ಸುಳ್ಳಲ್ಲ ಅಣ್ಣ. ನಾನೂ ರಾತ್ರಿ ಕತ್ತಲು ಇರೋ ಕಡೆ ಒಬ್ಬಳೇ ಇಳಿಯಲ್ಲ. ಅದೇ ಕತ್ತಲಿಗೆ ಮಲಗಿರೋ ಹೆಂಗಸರೂ ಹೆದರುತ್ತಾರೆ.

ಹಳೇ ಗುಮಾಸ್ತ · ಭಾನುವಾರ ಸಂಜೆ 5:30

ನಡುವೆ ಬಿಟ್ಟುಹೋದ ಒಂದು ವಿಷಯ. ದೊಡ್ಡ ಸಮಿತಿಗಳ ಕಥೆ ಹೇಳಿದೆ. ಇಂಥ ಗೇಟಿನ ವಿಷಯಕ್ಕೆ ಸರಿಯಾದ ಜಾಗ ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಕಡ್ಡಾಯ ಅಂತ ಅದೇ 74ನೇ ತಿದ್ದುಪಡಿಯಲ್ಲಿದೆ. ಬೆಂಗಳೂರಲ್ಲಿ ಹಳೇ ನಿಯಮದ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ. ಅದರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘದವರು. ತಿಂಗಳ ಮೊದಲ ಶನಿವಾರ ಸಭೆ ಅಂತ ಒಂದಷ್ಟು ದಿನ ಚೆನ್ನಾಗಿ ನಡೆಯಿತು. ಅಲ್ಲಿ ಪಾರ್ಕಿನವರು, ಲೈಟಿನವರು, ಕಸದವರು ಒಂದೇ ಶಾಮಿಯಾನದ ಕೆಳಗೆ ಕೂರುತ್ತಿದ್ದರು. ಠಾಣೆಯವರನ್ನು ಕರೆದರೆ ಕೆಲವು ಕಡೆ ಬರುತ್ತಿದ್ದರು. ಕಾನೂನಿನಲ್ಲಿ ಇಲ್ಲದಿದ್ದರೂ, ಪಕ್ಕದ ಬೀದಿಯವರು ಕರೆದರು ಅಂತ.

ಮೂಲೆಮನೆಯವರು ಕೇಳಿದ ಟೇಬಲ್ ಅದೇ. ಮೇಲಿನವರ ಟೇಬಲ್ ಅಲ್ಲ, ಪ್ಲಾಸ್ಟಿಕ್ ಟೇಬಲ್.

ತರ್ಲೆ ತಮ್ಮಯ್ಯ · ಭಾನುವಾರ ಸಂಜೆ 5:41

ನಮ್ಮ ವಾರ್ಡಲ್ಲಿ ಹೋಗಿದ್ದೆ ಸರ್. ನಲವತ್ತು ನಿಮಿಷ ನಾಯಿ ವಿಷಯ, ನಲವತ್ತು ನಿಮಿಷ ಪಾರ್ಕಿಂಗ್ ವಿಷಯ. ಕೊನೆಗೆ ಟೀ. ಟೀ ಚೆನ್ನಾಗಿತ್ತು. ಆದರೆ ನಾಯಿಗೆ ಚುಚ್ಚುಮದ್ದು ಹಾಕೋ ಗಾಡಿ ಮರುವಾರ ಬಂತು, ಅದನ್ನೂ ಹೇಳಬೇಕು.

ಮೂಲೆಮನೆ · ಶುಕ್ರವಾರ ರಾತ್ರಿ 8:50

ಎಲ್ಲರಿಗೂ ಅಪ್ಡೇಟ್.

ಲೈಟು ಬಂತು. ಕಂಬದ ನಂಬರ್ ಹೇಳಿ 1533ಕ್ಕೆ ಸೋಮವಾರ ದೂರು ಕೊಟ್ಟೆ, ಬುಧವಾರ ಸಂಜೆ ಗಾಡಿ ಬಂತು. ಏಣಿ ಹಿಡಿದುಕೊಂಡವರು ಯಾರು ಅಂತ ಕಂಬ ನಂಬರ್ ಬ್ರದರ್‌ಗೆ ಹೇಳಬೇಕಾಗಿಲ್ಲ.

ಅವರ ಜೊತೆ ಮಾತಾಡಿದೆ. ಅಮ್ಮ ಪ್ಲಾಸ್ಟರ್ ಕೈ ಹಿಡಿದುಕೊಂಡೇ ನನ್ನ ಜೊತೆ ಬಂದರು. ಅವರ ಹೆಸರು, ಊರು ಇಲ್ಲಿ ಬೇಡ. ಸೈಕಲ್ ಮೇಲೆ ಟೀ ಮಾರುತ್ತಾರೆ. ಎರಡು ದೊಡ್ಡ ಫ್ಲಾಸ್ಕು, ಒಂದು ಪಂಪ್ ಸ್ಟವ್, ಪೇಪರ್ ಲೋಟದ ಕಟ್ಟು. ಬೆಳಿಗ್ಗೆ ನಾಲ್ಕೂವರೆಗೆ ಹಾಲು ಬರೋ ಕಡೆ ಹೋಗಿ ಟೀ ಕಾಯಿಸಿ, ಐದೂವರೆಗೆ ಬಸ್ ನಿಲ್ದಾಣದ ಹತ್ತಿರ ಇರಬೇಕು. ಅಮ್ಮ ಬಿದ್ದ ದಿನ ಜ್ವರ ಅಂತ ಎದ್ದಿರಲಿಲ್ಲವಂತೆ. ಅಮ್ಮ ಕೂಗಿದ್ದು ಕೇಳಿತು, ಆದರೆ ನಾನು ಹತ್ತಿರ ಬಂದರೆ ನಾನೇ ಏನೋ ಮಾಡಿದೆ ಅಂದುಕೊಳ್ತಾರೆ ಅಂತ ಕಂಬಳಿಯೊಳಗೇ ಇದ್ದೆ ಅಂದರು. ನಮ್ಮ ತಮ್ಮ ಅಷ್ಟರಲ್ಲಿ ಓಡಿ ಬಂದಿದ್ದ. ಅಮ್ಮ ಅದಕ್ಕೆ ಏನೂ ಅನ್ನಲಿಲ್ಲ.

ವಸತಿ ಕೇಂದ್ರಕ್ಕೆ ಒಮ್ಮೆ ಹೋಗಿದ್ದರಂತೆ. ಜಾಗ ಇತ್ತು, ಚಾಪೆ ಇತ್ತು, ಬಿಸಿನೀರೂ ಇತ್ತು. ಸ್ಟವ್ ಒಳಗೆ ತರೋ ಹಾಗಿಲ್ಲ, ಸೈಕಲ್ ಹೊರಗೆ ಬಿಡಬೇಕು. ಬಾಗಿಲು ತೆಗೆಯೋದು ಬೆಳಿಗ್ಗೆ ಆರಕ್ಕೆ. ಎರಡನೇ ದಿನ ಫ್ಲಾಸ್ಕ್ ಕಳುವಾಯಿತು. ಇಲ್ಲಿ ಪಾರ್ಕ್ ಗೇಟಿಗೆ ಸೈಕಲ್ ಚೈನ್ ಹಾಕಿ ಪಕ್ಕದಲ್ಲೇ ಮಲಗಿದರೆ ಯಾರೂ ಮುಟ್ಟಲ್ಲ. ಅದಕ್ಕೇ ಗೇಟು. ಮಂಟಪ ಇದೆಯಲ್ಲ ಅಂದಿದ್ದಕ್ಕೆ, ಹತ್ತಕ್ಕೆ ಬೀಗ ಹಾಕ್ತಾರಲ್ಲ ಸಾಮಿ ಅಂದರು.

ಈಗ ಲೈಟು ಬಂದ ಮೇಲೆ ಕಣ್ಣಿಗೆ ಹೊಡೆಯುತ್ತೆ ಅಂತ ಕಂಬದ ಆಚೆ ಬದಿಗೆ, ಗೋಡೆ ನೆರಳಿಗೆ ಸರಿದಿದ್ದಾರೆ. ಚಪ್ಪಡಿ ದಾರಿ ಖಾಲಿ ಆಯಿತು. ಚಪ್ಪಡಿ ಮಾತ್ರ ಹಾಗೇ ಇದೆ. ಮರದವರು ಬಂದು ನೋಡಿ ಹೋದರು. ಬೇರು ಕಡಿದರೆ ಮಳೆಗಾಲದಲ್ಲಿ ಮರ ವಾಲುತ್ತೆ, ಚಪ್ಪಡಿ ತೆಗೆದು ಬೇರಿನ ಮೇಲೆ ಇಳಿಜಾರು ಮಾಡಿಸಿ ಅಂತ ರಸ್ತೆಯವರಿಗೆ ಹೇಳ್ತೀವಿ ಅಂದರು. ಹೇಳಿದರೋ ಇಲ್ಲವೋ.

ಸುಮಕ್ಕ · ಶುಕ್ರವಾರ ರಾತ್ರಿ 9:04

ಸೈಕಲ್ ವಿಷಯ ಹೊಸದಲ್ಲ ಸರ್. ತಳ್ಳುಗಾಡಿ, ತೂಕದ ಮೆಷಿನ್, ಬಲೂನಿನ ಕೋಲು, ಎಲ್ಲರದೂ ಇದೇ ಕಥೆ. ಹಾಸಿಗೆ ಲೆಕ್ಕ ಹಾಕ್ತಾರೆ, ಗಾಡಿ ನಿಲ್ಲಿಸೋ ಜಾಗ ಲೆಕ್ಕಕ್ಕೇ ಇಲ್ಲ. ನಿಮ್ಮ ಹತ್ತಿರದ ಕೇಂದ್ರದವರ ಜೊತೆ ನಾನು ಮಾತಾಡುತ್ತೇನೆ, ನಾಲ್ಕಕ್ಕೆ ಬಾಗಿಲು ತೆಗೆಯೋಕೆ ಆಗುತ್ತಾ ಅಂತ. ಮೆಸೇಜ್ ಮಾಡಿ.

ಐದೂವರೆ ವಾಕಿಂಗ್ · ಶುಕ್ರವಾರ ರಾತ್ರಿ 9:20

ಯಾವ ಬಸ್ ನಿಲ್ದಾಣದ ಹತ್ತಿರ ಟೀ? ಕೇಳಿದೆ ಅಷ್ಟೇ.

ಮೂಲೆಮನೆ · ಶುಕ್ರವಾರ ರಾತ್ರಿ 9:33

ಹೇಳಲ್ಲ ಸರ್, ನೀವು ಮೊದಲು 112 ಅಂದಿದ್ದೀರಿ :)

ಗುಮಾಸ್ತರೇ, ನಿಮ್ಮ ಸಹಾಯ ಬೇಕು. ಒಂದು ಅರ್ಜಿ ಬರೆದಿದ್ದೇನೆ. ಒಂದೇ ಹಾಳೆ, ನಾಲ್ಕು ವಿಷಯ: ಚಪ್ಪಡಿ, ಹೊಂಗೆ ಬೇರು, ಗೇಟಿನ ಹತ್ತಿರ ರಾತ್ರಿ ಬೀಟು, ಸೈಕಲ್ ಇಡೋಕೆ ಜಾಗ ಇರುವ ವಸತಿ ಕೇಂದ್ರ. ಬೀದಿಯ ಹದಿನೇಳು ಮನೆಯವರ ಸಹಿ ಆಗಿದೆ. ಅಮ್ಮ ಎಡಗೈಯಲ್ಲಿ ಸಹಿ ಹಾಕಿದ್ದಾರೆ, ಕೋಳಿ ಕೆದಕಿದ ಹಾಗಿದೆ. ಮೇಲೆ "ಇವರಿಗೆ" ಅಂತ ಬರೆದು ಮುಂದಿನ ಸಾಲು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾರ ಹೆಸರು ಹಾಕಲಿ?

ಹಳೇ ಗುಮಾಸ್ತ · ಶುಕ್ರವಾರ ರಾತ್ರಿ 9:58

ಇವತ್ತಿನ ಮಟ್ಟಿಗೆ ನಿಮ್ಮ ಪಾಲಿಕೆ ಆಯುಕ್ತರ ಹೆಸರಿಗೆ ಹಾಕಿ. ಕೆಳಗೆ "ಪ್ರತಿ" ಅಂತ ಬರೆದು ತೋಟಗಾರಿಕೆ, ರಸ್ತೆ, ಮರ, ಕಲ್ಯಾಣ ವಿಭಾಗ, ಠಾಣೆ, ಐದೂ ಸೇರಿಸಿ. ಒಬ್ಬರ ಪ್ರತಿಯಲ್ಲಿ ಉಳಿದ ನಾಲ್ವರ ಹೆಸರು ಕಾಣಬೇಕು, ಅದು ಮುಖ್ಯ. ಆರು ಕಡೆಯೂ ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಮಸುಕಾಗಿದ್ದರೆ ಇನ್ನೊಂದು ಸಲ ಒತ್ತಿಸಿ, ಸಂಕೋಚ ಬೇಡ. ಒಂದು ಪ್ರತಿ ಮನೆಯಲ್ಲಿ ಎತ್ತಿಡಿ. ವಾರ್ಡಿಗೆ ಸದಸ್ಯರು ಅಂತ ಒಬ್ಬರು ಬಂದ ದಿನ, ಸನ್ಮಾನಕ್ಕೆ ಮುಂಚೆ ಹೋಗಿ ಕೈಗೆ ಕೊಡಿ.